ಬೆಕ್ಕು ಮೊದಲು, ಕತ್ತಿ ಆಮೇಲೆ

ರೀಲು ಸುತ್ತುವ ಕೆಲಸ ನನ್ನದು. ವಯಸ್ಸು ಹದಿನಾರು.
ಬುಡೇನ್ ಸಾಬರು ಕಾರ್ಬನ್ ಕಡ್ಡಿ ಸರಿಮಾಡುತ್ತ,
ಕ್ಯಾಬಿನ್ನಿನಲ್ಲಿ ಹಚ್ಚಬಾರದ ಬೀಡಿಯನ್ನು ಸುಮ್ಮನೆ ಕಚ್ಚಿಕೊಂಡು
ಪಾಠ ಹೇಳುತ್ತಿದ್ದರು:
"ಕೊಲೆಗಾರನ್ನ ನೋಡಬ್ಯಾಡಲೇ, ಲೆಕ್ಕ ನೋಡು.
ಆರು ಮಂದಿ ವ್ಯಾನಿಂದ ಇಳಿದರೆ ಐದು ಹೆಣ,
ಉಳಿಯಾಕಿ ಒಬ್ಬಾಕಿ. ಮಿಕ್ಕಿದ್ದೆಲ್ಲ ಹೊಲಿಗಿ."

ಮೊದಲ ರೀಲಿನಲ್ಲಿ ಹಳೇ ಪಾಪ.
ಹನ್ನೆರಡು ವರ್ಷದ ಹಿಂದೆ ಯಾರೋ ನಕ್ಕರು, ಯಾರೋ ಮುಳುಗಿದರು,
ನೋಡಿದವರು ಬಾಯಿ ಮುಚ್ಚಿಕೊಂಡು ಮನೆಗೆ ಹೋದರು.
ಬೀಜ ಅಷ್ಟು ಸಾಕು.
ಆಮೇಲೆ ಪೆಟ್ರೋಲ್ ಬಂಕಿನ ಮುದುಕ.
ಅವನು ಹುಟ್ಟಿದ್ದೇ "ಅತ್ತ ಹೋಗಬೇಡಿ" ಅನ್ನಲಿಕ್ಕೆ;
ಅವರು ಹೋಗದಿದ್ದರೆ ನಮಗೆ ಸಂಬಳವಿಲ್ಲ.

ಬೆಕ್ಕು ಮೊದಲು, ಕತ್ತಿ ಆಮೇಲೆ. ಇದು ಸಾಬರ ಸೂತ್ರ.
ಕಪಾಟಿನಿಂದ ಬೆಕ್ಕು ಹಾರಬೇಕು, ಎಲ್ಲರೂ ನಗಬೇಕು,
ಗಾಂಧಿ ಕ್ಲಾಸಿನಲ್ಲಿ ಮಂಡಕ್ಕಿ ಪೊಟ್ಟಣ ಮತ್ತೆ ಸರಬರ ಅನ್ನಬೇಕು,
ಉಸಿರು ಬಿಟ್ಟ ಬಾಯಿ ಇನ್ನೂ ಮುಚ್ಚಿರಬಾರದು.
ಆಗ.

ಗಾಂಧಿ ಕ್ಲಾಸಿಗೆ ಎಲ್ಲ ಗೊತ್ತಿತ್ತು.
ಮಂಡಿಪೇಟೆಯ ಹಮಾಲರು ಪರದೆಗೆ ಬುದ್ಧಿ ಹೇಳುತ್ತಿದ್ದರು:
"ಏ ತಂಗಿ, ಮ್ಯಾಲೆ ಹತ್ತಬ್ಯಾಡ, ಹಿತ್ತಲ ಬಾಗಿಲು ಐತಲ್ಲ!"
ತಂಗಿ ಮೇಲೆಯೇ ಹತ್ತುತ್ತಿದ್ದಳು.
ದಿನವಿಡೀ ಮಾತು ಕೇಳಿದವರಿಗೆ
ರಾತ್ರಿ ಒಬ್ಬರಿಗಾದರೂ ಮಾತು ಹೇಳಬೇಕಲ್ಲ,
ಟಿಕೆಟ್ಟು ಅದಕ್ಕೆ.

ಒಂದು ರಾತ್ರಿ ನಿದ್ದೆಗಣ್ಣಲ್ಲಿ ನಾನು
ಮೂರರ ಡಬ್ಬಿಗೆ ಐದು, ಐದರ ಡಬ್ಬಿಗೆ ಮೂರು ಹಾಕಿದ್ದೆ.
ಸತ್ತವರು ಎದ್ದು ಬಂದು ಊಟಕ್ಕೆ ಕೂತರು.
ಕತ್ತು ಕೊಯ್ಯಿಸಿಕೊಂಡವನು ಗಿಟಾರು ಬಾರಿಸಿದ.
ಯಾರೂ ಕುರ್ಚಿ ಮುರಿಯಲಿಲ್ಲ.
ಅವನು ಸೌದೆ ತರುತ್ತೇನೆಂದು ಹೊರಗೆ ಎದ್ದಾಗ
ಮುಂದಿನ ಸಾಲಿನಲ್ಲೊಬ್ಬ ಸಣ್ಣಗೆ ಅತ್ತ.
ಸಾಬರು ನನ್ನ ಕಿವಿ ಹಿಂಡಿ, ಹಿಂಡುತ್ತ ಹಿಂಡುತ್ತ ಬಿಟ್ಟು,
ಗಾಜಿನ ಕಿಂಡಿಗೆ ಹಣೆ ಒತ್ತಿ ಅಂದರು,
"ಹಿಂಗೂ ಆಕ್ಕತಲ್ಲ."

ಆಟ ಮುಗಿದ ಮೇಲೆ ಕಸ ಹೊಡೆಯುವವಳು ಗುತ್ತ್ಯಮ್ಮ.
ಹಗಲು ಜಿನ್ನಿಂಗ್ ಫ್ಯಾಕ್ಟರಿ, ಸಂಜೆ ಯಾರದೋ ಮನೆಯ ಮುಸುರೆ,
ಹನ್ನೆರಡಕ್ಕೆ ಬಂದು ಪೊರಕೆ ಹಿಡಿದು ಬಾಗಿಲಿಗೆ ಒರಗುತ್ತಿದ್ದಳು.
ಹದಿನೆಂಟು ವರ್ಷ ಅವಳು ಕಂಡಿದ್ದು ಕೊನೆಯ ರೀಲು ಮಾತ್ರ.
ಹಳೇ ಪಾಪ ಗೊತ್ತಿಲ್ಲ, ವ್ಯಾನು ಗೊತ್ತಿಲ್ಲ, ಮುದುಕ ಗೊತ್ತಿಲ್ಲ.
ಯಾವ ಪಿಚ್ಚರಾದರೂ ಒಬ್ಬಾಕಿ ಹುಡುಗಿ,
ಕಾಲಲ್ಲಿ ಚಪ್ಪಲಿಯಿಲ್ಲ, ಓಡುತ್ತಿದ್ದಾಳೆ;
ಬಡಿದ ಬಾಗಿಲು ಯಾರೂ ತೆಗೆಯುತ್ತಿಲ್ಲ;
ಹಿಂದೆ ಒಬ್ಬ, ಅವಸರವೇ ಇಲ್ಲದೆ, ನಡೆದೇ ಬರುತ್ತಿದ್ದಾನೆ.

"ಅವನು ಯಾಕೆ ಓಡಂಗಿಲ್ಲ, ಹೇಳು ನೋಡಾನ"
ಅಂದೆ ಒಮ್ಮೆ, ಸೂತ್ರ ಕಲಿತ ಜಂಬದಲ್ಲಿ.
"ಓಣಿ ಅವಂದೈತಲ್ಲ," ಅಂದಳು.

ಕೊನೆಗೆ ಅವನು ಬೀಳುತ್ತಾನೆ. ಬೆಳಗಾಗುತ್ತದೆ. ಹುಡುಗಿಗೆ ಕಂಬಳಿ.
ಜನ ಸೈಕಲ್ ಸ್ಟ್ಯಾಂಡಿಗೆ ನುಗ್ಗುವ ಹೊತ್ತಿಗೆ
ನೆಲದ ಮೇಲಿನ ಬೆರಳು ಒಂದೇ ಒಂದು ಸಲ ಅಲುಗುತ್ತದೆ.
"ಅದು ಕಥೆ ಅಲ್ಲಲೇ," ಸಾಬರು, "ಮುಂದಿನ ವರ್ಷದ ಅಡ್ವಾನ್ಸು."
ಜನಕ್ಕೆ ಕಾಣುತ್ತಿರಲಿಲ್ಲ. ಗುತ್ತ್ಯಮ್ಮನಿಗೆ ಕಾಣುತ್ತಿತ್ತು.
"ಏಳ್ತಾನ ನೋಡು" ಅಂದು ಸೆರಗು ಸಿಕ್ಕಿಸಿ
ಗುಡಿಸುತ್ತಿದ್ದಳು: ಮಿರ್ಚಿಯ ಎಣ್ಣೆಕಾಗದ,
ಶೇಂಗಾ ಸಿಪ್ಪೆ, ಯಾರದೋ ಒಂಟಿ ಚಪ್ಪಲಿ.

ಒಂದೂವರೆಗೆ ಗೇಟಿಗೆ ಬೀಗ.
ರೈಲ್ವೆ ಗೇಟು ದಾಟಿದರೆ ಮುಚ್ಚಿದ ಮಿಲ್ಲಿನ ಉದ್ದ ಗೋಡೆ,
ಮೂರು ಕಂಬಕ್ಕೆ ಒಂದು ದೀಪ.
ಸೈಕಲ್ಲಲ್ಲಿ ಬಿಡಲೇ ಅಂದರೆ ಬೇಡ ಅನ್ನುತ್ತಿದ್ದಳು.
ಪೊರಕೆಯನ್ನು ಮಾತ್ರ ಥಿಯೇಟರಿನಲ್ಲಿ ಬಿಡುತ್ತಿರಲಿಲ್ಲ,
ಹಿಡಿಯ ಕಡೆ ಮುಂದಾಗಿ ಹಿಡಿದು
ನಡೆದೇ ಹೋಗುತ್ತಿದ್ದಳು, ಅವಸರವೇ ಇಲ್ಲದೆ.

ಅವತ್ತೊಂದು ರಾತ್ರಿ, ಅವಳು ಎರಡನೇ ಕಂಬ ದಾಟುವಾಗ
ಗೋಡೆಯ ಮೇಲಿಂದ ಬೆಕ್ಕೊಂದು ಹಾರಿತು.

ನಾನು ಬ್ರೇಕ್ ಹಿಡಿದೆ.